ಎಪ್ಪತ್ತೆಂಟನೆಯ ಪಾದ

ಆ ಗುರುವಾರ ಬೆಳಿಗ್ಗೆ ಸ್ಕಾರ್ವಿಕ್ ಪಟ್ಟಣದ ಮೇಲೆ ಮಳೆಯೂ ಅಲ್ಲದ ಹಿಮವೂ ಅಲ್ಲದ ಒಂದು ಒದ್ದೆ ಬೀಳುತ್ತಿತ್ತು. ಮೂಡಣ ಗಾಳಿ ಅದನ್ನು ಓರೆಯಾಗಿ ಹೊಡೆದು ಗೋಡೆಗಳಿಗೆ ಅಂಟಿಸುತ್ತಿತ್ತು. ಬಂದರಿನ ಮಂಜುಗಡ್ಡೆ ಹಿಂದಿನ ದಿನವಷ್ಟೇ ಬಿರುಕು ಬಿಟ್ಟು, ಹಲಗೆ ಹಲಗೆಯಾಗಿ ಒಂದಕ್ಕೊಂದು ಉಜ್ಜಿಕೊಳ್ಳುತ್ತ, ನಿದ್ದೆಯಲ್ಲಿ ಯಾರೋ ಹಲ್ಲು ಕಡಿಯುವ ಹಾಗೆ ಸದ್ದು ಮಾಡುತ್ತಿತ್ತು. ಈಸ್ಟರಿಗೆ ಮೂರೇ ದಿನ. ಚಳಿಗಾಲ ಮಾತ್ರ ಹೊರಡಲು ಮನಸ್ಸಿಲ್ಲದ ನೆಂಟನಂತೆ ಹೊಸ್ತಿಲಲ್ಲೇ ನಿಂತಿತ್ತು.

ಅರಮನೆಯ ಬಟ್ಟೆ ಒಗೆಯುವ ಮನೆಯಲ್ಲಿ ಗುನ್ವೋರ್ ಬೇಗನೆ ಎದ್ದು ಮೂರು ಹಂಡೆಗೆ ನೀರು ತುಂಬಿ, ಜುನಿಪರ್ ಸೊಪ್ಪು ಹಾಕಿ, ಒಲೆ ಹೊತ್ತಿಸಿದ್ದಳು. ಅವಳಿಗೆ ಐವತ್ತೊಂಬತ್ತು ವರ್ಷ. ಮೂವತ್ತು ವರ್ಷ ಬೂದಿನೀರಿನಲ್ಲಿ ಅದ್ದಿ ಅದ್ದಿ ಕೈಗಳು ಬೆಂದ ಏಡಿಯ ಬಣ್ಣಕ್ಕೆ ತಿರುಗಿದ್ದವು. ಆದರೆ ಅಷ್ಟು ಹಗುರವಾದ ಕೈ ಅರಮನೆಯಲ್ಲಿ ಇನ್ನೊಂದಿಲ್ಲ ಎಂದು ಎಲ್ಲರೂ ಒಪ್ಪುತ್ತಿದ್ದರು. ಅವತ್ತು ಅವಳು ತೊಳೆಯಬೇಕಾದದ್ದು ಬಟ್ಟೆಯಲ್ಲ, ಕಾಲು.

ಕರ್ತರು ತಮ್ಮ ಕೊನೆಯ ಊಟದ ದಿನ ಸೊಂಟಕ್ಕೆ ವಸ್ತ್ರ ಸುತ್ತಿಕೊಂಡು ಶಿಷ್ಯರ ಕಾಲು ತೊಳೆದರು. ಅದರ ನೆನಪಿಗೆ ಆ ನಾಡಿನ ಅರಸ ಪ್ರತಿ ಪವಿತ್ರ ಗುರುವಾರ, ತನಗೆ ಎಷ್ಟು ವರ್ಷ ತುಂಬಿದೆಯೋ ಅಷ್ಟು ಮಂದಿ ಬಡ ಮುದುಕರ ಬಲಗಾಲು ತೊಳೆಯಬೇಕು. ಅರಸನ ಕೈಗೆ ಕೊಳೆ ತಾಗಬಾರದು. ಆದ್ದರಿಂದ ಅವನು ತೊಳೆಯುವ ಕಾಲನ್ನು ಮೊದಲು ಗುನ್ವೋರ್ ತೊಳೆದಿಡಬೇಕು. ಕರ್ತರಿಗೂ ಇಂಥ ಸಹಾಯವಿತ್ತೇ ಎಂದು ಅವಳು ಒಮ್ಮೆ ಪಾದ್ರಿಯನ್ನು ಕೇಳಿ ಬೈಸಿಕೊಂಡಿದ್ದಳು.

ಅರಸ ಒಂದು ಕಾಲು ತೊಳೆದು ಮುಗಿಸಿದೊಡನೆ ದಾನಾಧಿಕಾರಿ ಕ್ಲೆಮೆಟ್ ಪಾದ್ರಿ ಆ ಮುದುಕನ ಹೆಗಲಿಗೆ ಬೂದುಬಣ್ಣದ ಉಣ್ಣೆಯ ನಿಲುವಂಗಿ ಹಾಕುತ್ತಿದ್ದ. ನಿಲುವಂಗಿ ಸಿಕ್ಕವನಿಗೆ ಮುಂದಿನ ಪವಿತ್ರ ಗುರುವಾರದವರೆಗೆ, ಅಂದರೆ ಇಡೀ ಒಂದು ವರ್ಷ, ಇಗರ್ಜಿಯ ಹಿಂದಿನ ಉದ್ದನೆಯ ಕಲ್ಲುಮನೆಯಲ್ಲಿ ಹಾಸಿಗೆ, ಆರದ ಒಲೆ, ದಿನಕ್ಕೊಂದು ರೈ ರೊಟ್ಟಿ, ಮೀನಿನ ಬಿಸಿ ಸಾರು. ಜನ ಅದನ್ನು ಗುರುವಾರದ ಮನೆ ಎಂದು ಕರೆಯುತ್ತಿದ್ದರು. ಒಮ್ಮೆ ಸೇರಿದವರನ್ನೇ ವರ್ಷವರ್ಷವೂ ಕಾಲು ತೊಳೆಸಲು ಕೂರಿಸುತ್ತಿದ್ದರು. ಅಲ್ಲಿ ಸತ್ತವರ ಜಾಗಕ್ಕೆ ಯಾರು ಎಂಬುದು ಇಗರ್ಜಿಯ ಹಿರಿಯರ ಕೈಲಿತ್ತು. ಅದು ಅವರವರ ಬಂಧುಬಳಗಕ್ಕೇ ಹೋಗುತ್ತಿತ್ತು. ಆದರೆ ಅರಸನಿಗೆ ಒಂದು ವರ್ಷ ಹೆಚ್ಚಾದಾಗ ಹೊಸದಾಗಿ ಹುಟ್ಟುವ ಆ ಒಂದು ಜಾಗ ಮಾತ್ರ ಅರಸನ ಹಳೆಯ ಹಡಗಿನ ಹುಟ್ಟುಗಾರರದು, ಸರದಿಯ ಪ್ರಕಾರ. ಹಾಗೆ ಬಂದವನನ್ನು ‘ವರ್ಷದವನು’ ಎನ್ನುತ್ತಿದ್ದರು. ಹೀಗಾಗಿ ಅರಸ ಐವಿಂದ್ ಇನ್ನೂ ಬದುಕಲಿ ಎಂದು ಮನಸಾರೆ ಪ್ರಾರ್ಥಿಸುತ್ತಿದ್ದವರು ಇಡೀ ನಾಡಿನಲ್ಲಿ ಆ ಏಳೆಂಟು ಮುದಿ ಹುಟ್ಟುಗಾರರು ಮಾತ್ರ. ಅವನ ಸ್ವಂತ ಮಕ್ಕಳಿಗೆ ಆ ಪ್ರಾರ್ಥನೆ ಅಷ್ಟಾಗಿ ಬಾಯಿಗೆ ಬರುತ್ತಿರಲಿಲ್ಲ.

ಆ ವರ್ಷ ಅರಸನಿಗೆ ಎಪ್ಪತ್ತೆಂಟು. ವರ್ಷದವನು ಗುನ್ವೋರಳ ಅಣ್ಣ ತೊರ್ಕೆಲ್.

ಅಪ್ಪ ಅಮ್ಮ ಒಂದೇ ದೋಣಿಯಲ್ಲಿ ಮುಳುಗಿ ಹೋದಾಗ ಅವಳಿಗೆ ನಾಲ್ಕು ವರ್ಷ, ಅವನಿಗೆ ಇಪ್ಪತ್ತೊಂದು. ಅವನೇ ಅವಳಿಗೆ ಉಣಿಸಿದ್ದು, ಜಡೆ ಹಾಕಿದ್ದು, ಬೆಂದ ಮೀನಿನ ಮುಳ್ಳು ತೆಗೆದು ಬಾಯಿಗಿಟ್ಟದ್ದು. ಈಗ ಅವನು ಬಂದರಿನ ಬಲೆ ಒಣಗಿಸುವ ಅಟ್ಟದಲ್ಲಿ ಮಲಗುತ್ತಿದ್ದ. ಅಲ್ಲಿ ಒಲೆ ಹೊತ್ತಿಸುವಂತಿಲ್ಲ. ಡಾಂಬರು ಬಳಿದ ಬಲೆಗಳಿಗೆ ಒಂದು ಕಿಡಿ ಸಾಕು. ಗುನ್ವೋರ್ ಮಲಗುವುದು ಒಗೆಯುವ ಹೆಂಗಸರ ಕೋಣೆಯಲ್ಲಿ, ಆರು ಜನರ ಜೊತೆ. ಗಂಡಸರು ಅಲ್ಲಿಗೆ ಕಾಲಿಡುವಂತಿಲ್ಲ. ಕಳೆದ ಚಳಿಗಾಲದಲ್ಲಿ ಹಿಡಿದ ಕೆಮ್ಮು ತೊರ್ಕೆಲ್‌ನನ್ನು ಬಿಟ್ಟಿರಲಿಲ್ಲ. ಇನ್ನೊಂದು ಚಳಿಗಾಲ ಆ ಅಟ್ಟದಲ್ಲಿ ಕಳೆದರೆ ಅವನು ಉಳಿಯುವುದಿಲ್ಲ ಎಂಬುದು ಅವಳಿಗೆ ಒಗೆದ ಬಟ್ಟೆಯಷ್ಟು ಸ್ಪಷ್ಟವಾಗಿತ್ತು. ಹನ್ನೊಂದು ವರ್ಷದಿಂದ ಅವಳು ಅರಸನ ವಯಸ್ಸನ್ನು ಬೆರಳಲ್ಲಿ ಎಣಿಸುತ್ತ ಈ ದಿನಕ್ಕಾಗಿ ಕಾದಿದ್ದಳು.

“ಮೆಲ್ಲಗೆ ಕಣೇ, ಅರಸರ ದುಪ್ಪಟಿ ಅಲ್ಲ ಇದು, ಕಾಲು,” ಎಂದ ತೊರ್ಕೆಲ್, ಮಣೆಯ ಮೇಲೆ ಕೂತು.

“ದುಪ್ಪಟಿ ಆಗಿದ್ರೆ ಇಷ್ಟೊತ್ತಿಗೆ ಬೆಳ್ಳಗಾಗ್ತಿತ್ತು. ಎಷ್ಟು ವರ್ಷದ್ದಣ್ಣಾ ಈ ಕೊಳೆ?”

“ಕೊಳೆ ಅಲ್ಲಮ್ಮ, ಬಣ್ಣ. ನಲವತ್ತು ವರ್ಷದ ಹಿಂದೆ ಹಾಕಿದ್ದು. ಉಜ್ಜಿದ್ರೆ ಹೋಗಲ್ಲ.”

ಅವನ ಬಲಗಾಲಿನಲ್ಲಿ ಮೂರು ಬೆರಳಿರಲಿಲ್ಲ. ಉಳಿದೆರಡು ನೇರಳೆಗಪ್ಪಾಗಿ ಮುದುಡಿದ್ದವು. ಪಾದದಂಚಿನ ಹಳೆಯ ಗಾಯ ವರ್ಷಕ್ಕೊಮ್ಮೆ ಬಾಯಿ ತೆರೆಯುತ್ತಿತ್ತು; ಅವತ್ತೂ ತೆರೆದಿತ್ತು. ಅವಳು ಮೂರು ಸಲ ತೊಳೆದಳು. ಜುನಿಪರ್ ನೀರಿನ ಪರಿಮಳದ ಅಡಿಯಿಂದ ಗಾಯದ ವಾಸನೆ ಮತ್ತೆ ಮೇಲೆದ್ದು ಬಂತು.

ವರ್ಷದವನು ಇಗರ್ಜಿಯೊಳಗೆ ಮೊದಲ ಪೀಠದಲ್ಲಿ, ಪೂಜಾವೇದಿಕೆಯ ಪಕ್ಕದಲ್ಲೇ ಕೂರಬೇಕೆಂಬುದು ರೂಢಿ. ಅರಸ ಬಂದು ಮೊದಲು ಮಂಡಿಯೂರುವುದೇ ಅವನ ಮುಂದೆ. ಸುತ್ತಲೂ ರಾಜಕುಮಾರರು, ಅವರ ಹೆಂಡಂದಿರು, ಮೂಗಿಗೆ ಹಿಡಿಯಲು ಕೈಯಲ್ಲಿ ಲ್ಯಾವೆಂಡರ್ ಗಂಟು. ಗುನ್ವೋರಳಿಗೆ ಅದೆಲ್ಲ ಕಣ್ಣಿಗೆ ಕಟ್ಟಿತು. ಮೊದಲ ಕಾಲೇ ಇದಾದರೆ! ಅರಸ ಮುಖ ಸಿಂಡರಿಸಿದರೆ? ಹೆಂಗಸರು ಹೋ ಎಂದರೆ? ನಾಚಿಕೆಯಿಂದ ಅವಳು ಅಣ್ಣನ ಕಾಲಿನ ಮೇಲೆ ಬಟ್ಟೆ ಎಳೆದಳು. ಕೊನೆಯ ಪೀಠ ಬಾಗಿಲ ಬಳಿ, ಕತ್ತಲಲ್ಲಿತ್ತು. ಅಲ್ಲಿ ಕೂರಬೇಕಾದವನು ಅಸ್ಲಾಕ್ ಎಂಬ ಮಾಜಿ ದರ್ಜಿ. ಮಗುವಿನಂತೆ ನಸುಗೆಂಪು ಪಾದದವನು.

“ಅಸ್ಲಾಕಣ್ಣ, ನೀನು ಹೋಗಿ ಮೊದಲ್ನೇದ್ರಲ್ಲಿ ಕೂತ್ಕೋ. ಅಣ್ಣ ಕೊನೇಲಿರ್ಲಿ.”

“ಯಾಕೆ? ವರ್ಷದವನಲ್ವಾ ಅವನು?”

“ಬಾಗಿಲ ಹತ್ರ ಗಾಳಿ ಹೊಡೆಯುತ್ತೆ. ನಿಂಗೆ ಶೀತ ಆಗುತ್ತೆ.”

“ನನ್ನ ಶೀತದ ಮೇಲೆ ನಿಂಗೆ ಯಾವಾಗಿಂದಮ್ಮ ಇಷ್ಟು ಪ್ರೀತಿ?” ಎಂದ ಅಸ್ಲಾಕ್. ಆದರೆ ಮೊದಲ ಪೀಠದ ಪಕ್ಕ ಕೆಂಡದ ಬೋಗುಣಿ ಇತ್ತು. ಅವನು ಎರಡನೆಯ ಸಲ ಕೇಳಲಿಲ್ಲ.

ಅಣ್ಣನಿಗೆ ಅವಳು, “ದಾನಾಧಿಕಾರಿಗಳು ಈ ಸಲ ಹೀಗೆ ಅಂದಿದ್ದಾರೆ,” ಎಂದಳು. ತೊರ್ಕೆಲ್ ಅವಳ ಮುಖವನ್ನೊಮ್ಮೆ ನೋಡಿದ. ಕುಂಟುತ್ತ ಬಾಗಿಲ ಕಡೆ ನಡೆದ.

ಅರಸ ಐವಿಂದ್ ಬಂದ. ಒಂದು ಕಾಲದಲ್ಲಿ ಹಾಯಿಮರದಂತಿದ್ದ ಆಳು. ಈಗ ಇಬ್ಬರು ಕಂಕುಳಿಗೆ ಕೈಕೊಟ್ಟು ನಡೆಸುತ್ತಿದ್ದರು. ಕಾಲುಗಳು ನೀರು ತುಂಬಿ ತೊಲೆಗಳಂತಾಗಿದ್ದವು. ಆದರೂ ಅವನು ಮಂಡಿಯೂರಿದ, ಅಸ್ಲಾಕನ ಗುಲಾಬಿ ಪಾದ ತೊಳೆದ, ಒರೆಸಿದ, ಮುತ್ತಿಟ್ಟ. ಎರಡನೆಯದು. ಮೂರನೆಯದು. ಇಪ್ಪತ್ತರವರೆಗೆ ಕೀರ್ತನೆ ಹಾಡುವವರ ಜೊತೆ ತಾನೂ ಗುನುಗುತ್ತಿದ್ದ. ನಲವತ್ತಕ್ಕೆ ಗುನುಗು ನಿಂತಿತು. ಅರವತ್ತಕ್ಕೆ ಮುಖ ಹಸಿ ಜೇಡಿಮಣ್ಣಿನಂತಾಯಿತು. ಅವನನ್ನು ಒಂದು ಪೀಠದಿಂದ ಇನ್ನೊಂದಕ್ಕೆ ಎತ್ತಿ ಇಡುವುದು ಮೂಟೆ ಸಾಗಿಸಿದಂತಿತ್ತು. ಎಪ್ಪತ್ತೇಳನೆಯ ಪಾದಕ್ಕೆ ಮುತ್ತಿಟ್ಟು ಅವನು ತಲೆಯೆತ್ತಿದ. ಎದುರಿಗೆ ತೊರ್ಕೆಲ್‌ನ ಕಾಲು, ನೀರಿನ ಬೋಗುಣಿಯ ಮೇಲೆ ಚಾಚಿಕೊಂಡಿತ್ತು. ಅರಸ ಅದನ್ನು ನೋಡಿದ. ‘ಪರಲೋಕದ ತಂದೆಯೇ’ ಪ್ರಾರ್ಥನೆಯನ್ನು ಒಮ್ಮೆ ಹೇಳಿ ಮುಗಿಸುವಷ್ಟು ಹೊತ್ತು ನೋಡಿದ.

“ಸಾಕು,” ಎಂದ.

ಎತ್ತಿಕೊಂಡು ಹೋದರು. ಕೀರ್ತನೆ ಅರ್ಧಕ್ಕೆ ನಿಂತಿತು. ಸಭೆ ಚದುರಿತು. ತೊರ್ಕೆಲ್‌ನ ಕಾಲು ಇನ್ನೂ ಬೋಗುಣಿಯ ಮೇಲೆಯೇ ಇತ್ತು. ಅದನ್ನು ಕೆಳಗಿಡಬೇಕೋ ಬೇಡವೋ ಎಂದು ಅವನಿಗೆ ತಿಳಿಯಲಿಲ್ಲ.

ಗುನ್ವೋರ್ ಕ್ಲೆಮೆಟ್ ಪಾದ್ರಿಯ ಹಿಂದೆ ಓಡಿದಳು. ಪಾದ್ರಿ ಆ ಕೊನೆಯ ನಿಲುವಂಗಿಯನ್ನು ಮಡಿಚಿ ಕಂಕುಳಲ್ಲಿ ಇಟ್ಟುಕೊಂಡಿದ್ದ.

“ಅರಸರು ಮುಟ್ಟದ ಕಾಲಿಗೆ ನಿಲುವಂಗಿ ಇಲ್ಲಮ್ಮ. ನಾನು ನೋಡ್ತಾ ಇರ್ಬೇಕು, ಅರಸರು ತೊಳೀಬೇಕು. ಆಗ್ಲೇ ಅದು ಲೆಕ್ಕಕ್ಕೆ.”

“ಮುಂದಿನ ವರ್ಷ ಸ್ವಾಮಿ?”

“ಮುಂದಿನ ವರ್ಷ ಮುಂದಿನವನ ಸರದಿ. ಅಲ್ಲಾ, ವರ್ಷದವನು ಕೊನೇಲಿ ಯಾಕೆ ಕೂತಿದ್ದ? ಮೊದಲು ಕೂರೋದಲ್ವಾ ರೂಢಿ?”

ಅವಳು ಬಂದ ದಾರಿಯಲ್ಲೇ ತಿರುಗಿ ನಡೆದಳು.

ಈಸ್ಟರ್ ಕಳೆದು ಎರಡು ವಾರಕ್ಕೆ ಅರಸನ ಕಾಲುಗಳು ಒಡೆದು ನೀರು ಸೋರತೊಡಗಿದವು. ದಿನಕ್ಕೆ ಐದು ಸಲ ಬಟ್ಟೆ ಬದಲಿಸಬೇಕು. ವೈದ್ಯರು ಜಿಗಣೆ ಬಿಟ್ಟರು, ಕುದುರೆಹಾಲು ಕುಡಿಸಿದರು, ಒಬ್ಬರನ್ನೊಬ್ಬರು ಬೈದುಕೊಂಡರು. ಬಟ್ಟೆ ಒಯ್ಯಲು ಹೋದ ಗುನ್ವೋರ್ ಒಂದು ದಿನ ತಾನೇ ಕಟ್ಟು ಬಿಚ್ಚಿ ತೊಳೆದಳು. ಅರಸ ನರಳಲಿಲ್ಲ. ಅವತ್ತಿನಿಂದ ಆ ಕೆಲಸ ಅವಳದಾಯಿತು.

“ನಿನ್ನ ಕೈ ಮೀನಿನ ಹೊಟ್ಟೆ ಥರ ತಣ್ಣಗಿದೆ ಕಣೇ,” ಎನ್ನುತ್ತಿದ್ದ ಅರಸ. “ಆದ್ರೆ ಈ ವೈದ್ಯರದು ಇಕ್ಕಳ. ಇವತ್ತು ಹೊರಗೆ ಎಷ್ಟು ಜನ ಕಾಯ್ತಿದ್ದಾರೆ?”

“ಮೂವತ್ತು ಜನ ಇರ್ಬಹುದು, ಒಡೆಯಾ.”

ಆ ಪ್ರಶ್ನೆ ದಿನವೂ ಇರುತ್ತಿತ್ತು. ಮೇ ತಿಂಗಳಲ್ಲಿ ಮೂವತ್ತು, ಜೂನಿನಲ್ಲಿ ಹನ್ನೆರಡು. ಆಮೇಲೆ ಅವಳು ಸುಳ್ಳು ಹೇಳತೊಡಗಿದಳು. ಹಿರಿಯ ರಾಜಕುಮಾರ ಸಿಗ್ವಾರ್ಡ್ ಮಾತ್ರ ವಾರಕ್ಕೊಮ್ಮೆ ಬಂದು ಅಪ್ಪನ ಕೈಗೆ ಮುತ್ತಿಡುತ್ತಿದ್ದ. ಕಿಟಕಿಯ ಪರದೆಗಳನ್ನು ನೋಡುತ್ತಿದ್ದ, ಗೋಡೆಯ ಬಣ್ಣ ನೋಡುತ್ತಿದ್ದ. ಒಮ್ಮೆ ಅರಸ ಕೇಳಿಯೇಬಿಟ್ಟ: “ಅಳತೆ ಹಗ್ಗ ತರೋದು ಮರೆತ್ಯಾ ಮಗನೇ?” ಸಿಗ್ವಾರ್ಡ್ ನಕ್ಕ. ಆ ಮನೆಯಲ್ಲಿ ಎಲ್ಲರೂ ಚೆನ್ನಾಗಿ ನಗುತ್ತಿದ್ದರು.

ಒಂದು ದಿನ ಧೈರ್ಯ ಮಾಡಿ ಗುನ್ವೋರ್ ಕೇಳಿದಳು. “ಒಡೆಯಾ, ಆ ಗುರುವಾರ ಒಂದು ಕಾಲು ಉಳೀತು. ಅದು ನಮ್ಮಣ್ಣನದು. ತಾವು ಒಂದ್ಸಲ ನೀರು ಹಾಕಿದ್ರೆ ಅವನಿಗೊಂದು ಹಾಸಿಗೆ ಆಗುತ್ತೆ.”

“ಭಾನುವಾರ,” ಎಂದ ಅರಸ. “ಭಾನುವಾರ ಕರ್ಕೊಂಡು ಬಾ.”

ಭಾನುವಾರ ಬಂತು. ಅರಸನಿಗೆ ತಲೆನೋವು ಬಂತು. ಮುಂದಿನ ಭಾನುವಾರ ನಿದ್ದೆ ಬಂತು. ಅದರ ಮುಂದಿನ ಭಾನುವಾರ ಅವನು, “ಯಾವ ಅಣ್ಣ?” ಎಂದ. ಮರೆತವನ ಕಣ್ಣು ಹಾಗಿರುವುದಿಲ್ಲ. ಅವಳಿಗೆ ಗೊತ್ತಾಯಿತು. ಆದರೂ ಅರಸನಿಗೆ ನೆನಪಿದೆ ಎಂದು ಹೇಳುವವರಾರು?

ನಡುಬೇಸಿಗೆಯ ಹೊತ್ತಿಗೆ, ಸೂರ್ಯ ಮುಳುಗಲು ಮರೆಯುವ ಆ ದಿನಗಳಲ್ಲಿ, ಅರಸ ತಾನಾಗಿಯೇ ಬಾಯಿ ತೆರೆದ. ಕಿಟಕಿಯಾಚೆ ಹುಲ್ಲುಗುಡ್ಡದ ಮೇಲೆ ಅವನ ಕುದುರೆ ಫಾಕ್ಸೆಯ ಸಮಾಧಿ ಕಾಣುತ್ತಿತ್ತು. ಹೆಸರು ಕೆತ್ತಿದ ಆಳೆತ್ತರದ ಕಲ್ಲು.

“ಆಯಾಸಕ್ಕೆ ನಿಲ್ಲಿಸಿದೆ ಅಂದ್ಕೊಂಡ್ಯಾ ನೀನು?”

ಗುನ್ವೋರ್ ಕೈ ನಿಲ್ಲಿಸದೆ ತೊಳೆಯುತ್ತಿದ್ದಳು.

“ಮೂರು ಬೆರಳಿಲ್ಲ. ನೋಡಿದ ತಕ್ಷಣ ಗೊತ್ತಾಯ್ತು ಎಲ್ಲಿಯ ಕಾಲು ಅಂತ. ಯುದ್ಧ ಸೋತು ಓಡಿ ಬಂದ್ವಲ್ಲ, ಆ ಚಳೀಲಿ. ಎರಡು ರಾತ್ರಿ ಎರಡು ಹಗಲು ಹುಟ್ಟು ಹಾಕಿದ್ರು. ದೋಣಿ ಸೋರ್ತಿತ್ತು. ಒಣಗಿದ ಹಲಗೆ ಇದ್ದದ್ದು ನಡುವೆ ಒಂದಿಷ್ಟು. ಅಲ್ಲಿ ಫಾಕ್ಸೆಯನ್ನ ನಿಲ್ಲಿಸ್ದೆ. ಹುಟ್ಟುಗಾರರ ಕಾಲಿಗೆ ಸುತ್ತಿದ್ದ ಕುರಿಚರ್ಮ ಬಿಚ್ಚಿಸಿ ಕುದುರೆಗೆ ಹೊದಿಸ್ದೆ. ಅವರ ಕಾಲು ಮಂಜಿನ ನೀರಲ್ಲಿ.” ಅವನು ಕಿಟಕಿಯ ಕಡೆ ನೋಡಿದ. “ಕುದುರೆ ಇನ್ನೂ ಒಂಬತ್ತು ವರ್ಷ ಬದುಕ್ತು.”

“ಅಣ್ಣ ಅದನ್ನ ಯಾವತ್ತೂ ಹೇಳಿಲ್ಲ ಒಡೆಯಾ.”

“ಹೇಳಲ್ಲ. ಹೇಳೋರು ಆಗಿದ್ರೆ ಆಗಲೇ ನನ್ನ ನೀರಿಗೆ ಎಸೀತಿದ್ರು.” ತನ್ನಷ್ಟಕ್ಕೆ ಹೇಳಿಕೊಳ್ಳುವಂತೆ ಎಂದ: “ಮೊದಲ ಪೀಠದಲ್ಲಿದ್ದಿದ್ರೆ ತೊಳೆದುಬಿಡ್ತಿದ್ದೆ. ಆಗ ಮೈಯಲ್ಲಿ ಬಲ ಇತ್ತು. ಎಪ್ಪತ್ತೇಳು ಆದ್ಮೇಲೆ ಅದನ್ನ ಮುಟ್ಟೋ ಶಕ್ತಿ ಇರ್ಲಿಲ್ಲ.”

ಗುನ್ವೋರ್ ಕೊಳೆನೀರಿನ ಬೋಗುಣಿ ಎತ್ತಿಕೊಂಡು ಹೊರಗೆ ಬಂದು ಮೆಟ್ಟಿಲ ಮೇಲೆ ಕೂತಳು. ಅಳಲಿಲ್ಲ. ದೇವರೇ, ನನ್ನ ನಾಚಿಕೆಗೆ ಇಷ್ಟು ಉದ್ದದ ಕೈ ಕೊಟ್ಟೆಯಲ್ಲ, ಎಂದಷ್ಟೇ ಅಂದುಕೊಂಡಳು.

ಆಗಸ್ಟಿನಲ್ಲಿ ಅರಸನ ಕೈಯೂ ಊದಿಕೊಂಡಿತು. ಮುದ್ರೆಯುಂಗುರ ಬೆರಳಿನೊಳಗೆ ಹುಗಿದುಹೋಗಿ ಬೆರಳು ನೀಲಿಗಟ್ಟಿತು. ಅಕ್ಕಸಾಲಿ ಬಂದು ಕತ್ತರಿಸಿ ತೆಗೆದ. “ಬೆಸೆಸಿ ತರ್ತೀನಿ ಅಪ್ಪಾ,” ಎಂದು ಸಿಗ್ವಾರ್ಡ್ ಅದನ್ನು ಜೇಬಿಗಿಳಿಸಿಕೊಂಡ. ಉಂಗುರ ಬೆಸೆಯಿತು, ಬೇರೆ ಬೆರಳಿಗೆ. ಆಮೇಲೆ ಅರಸ ಕೊಟ್ಟ ಅಪ್ಪಣೆಗಳಿಗೆಲ್ಲ ಜನ ಬಗ್ಗಿ “ಆಗಲಿ” ಎನ್ನುತ್ತಿದ್ದರು. ಬಾಗಿಲು ದಾಟಿದ ಮೇಲೆ ಏನೂ ಆಗುತ್ತಿರಲಿಲ್ಲ. ಮಾಂಸ ಬೇಕೆಂದರೆ ಬಾರ್ಲಿ ಗಂಜಿ ಬರುತ್ತಿತ್ತು. ಹೊರಗೆ ಎಷ್ಟು ಜನ ಎಂದು ಅವನು ಕೇಳುವುದನ್ನೂ ಬಿಟ್ಟ.

ಮೀನುಪೇಟೆಯಲ್ಲಿ ಬೇರೆಯೇ ಮಾತು ಹುಟ್ಟಿತ್ತು. “ಅರಸರು ತೊಳೆದದ್ದು ಎಪ್ಪತ್ತೇಳು. ತೊಳೆಯದ ವರ್ಷ ಅವರದ್ದಲ್ಲ. ಕ್ರಿಸ್ಮಸ್ ಕಾಣಲ್ಲ ಬಿಡು,” ಎಂದು ಒಬ್ಬಳು ಕಾಡ್ ಮೀನಿನ ಕರುಳು ಬಗೆಯುತ್ತ ಹೇಳಿದರೆ, ಇನ್ನೊಬ್ಬಳು, “ಸಿಗ್ವಾರ್ಡ್ ದೊರೆ ಪಟ್ಟಾಭಿಷೇಕದ ಬಟ್ಟೆ ಹೊಲಿಸ್ತಿದ್ದಾರಂತೆ. ಅಷ್ಟು ದಪ್ಪ ಬಟ್ಟೆ, ಬೇಸಿಗೆಗಂತೂ ಅಲ್ಲ,” ಎನ್ನುತ್ತಿದ್ದಳು. ಮಾತು ಮೆಟ್ಟಿಲು ಹತ್ತಿ, ವೈದ್ಯರ ಬಾಯಿ ದಾಟಿ, ಅರಸನ ಹಾಸಿಗೆಗೂ ಬಂತು. ಅಕ್ಟೋಬರಿನ ಒಂದು ಬೆಳಿಗ್ಗೆ ಅವನು ಗುನ್ವೋರಳ ಮಣಿಕಟ್ಟು ಹಿಡಿದ.

“ಆ ಕಾಲು ಇನ್ನೂ ಇದೆಯಾ?”

“ಇದೆ ಒಡೆಯಾ.”

“ಕರ್ಕೊಂಡು ಬಾ. ಇವತ್ತೇ. ಕ್ಲೆಮೆಟ್‌ಗೂ ಹೇಳು.”

ಅವನು ಕರೆಸುತ್ತಿರುವುದು ದಯೆಯಿಂದಲ್ಲ, ಭಯದಿಂದ ಎಂಬುದು ಅವಳಿಗೆ ತಿಳಿಯಿತು. ಆದರೆ ಹಾಸಿಗೆ ಹಾಸಿಗೆಯೇ; ಭಯ ಕೊಟ್ಟರೇನು, ದಯೆ ಕೊಟ್ಟರೇನು. ಅವಳು ಬಂದರಿಗೆ ಓಡಿದಳು.

ತೊರ್ಕೆಲ್ ಅಟ್ಟದಲ್ಲಿ ಹರಿದ ಬಲೆಗಳ ಕೆಳಗೆ ಮಲಗಿದ್ದ. ಈಗ ಕೆಮ್ಮಿದರೆ ಬಟ್ಟೆಗೆ ಕೆಂಪು ಹತ್ತುತ್ತಿತ್ತು. ಅವನು ತಂಗಿಯ ಮಾತನ್ನೆಲ್ಲ ಕೇಳಿ ನಕ್ಕ.

“ಅಂದ್ರೆ ಅರಸರಿಗೆ ನನ್ನ ಕಾಲು ಬೇಕಾ? ಇನ್ನೊಂದು ವರ್ಷ ಬದುಕೋಕೆ? ಏನು ತಂಗಿ ಇದು, ನನ್ನ ಕಾಲು ಇಷ್ಟು ದುಬಾರಿ ಅಂತ ಗೊತ್ತಿದ್ರೆ ಬೆರಳು ಮೂರನ್ನೂ ಉಪ್ಪು ಹಾಕಿ ಇಡ್ತಿದ್ದೆ.”

“ತಮಾಷೆ ಬೇಡ. ನಡಿ.”

“ಬರಲ್ಲ. ಕುದುರೇನ ಕರೆಸ್ಲಿ. ಅದರ ಗೊರಸು ತೊಳೀಲಿ.”

ಗುನ್ವೋರ್ ಬಲೆಯ ಮೇಲೆ ಕುಸಿದು ಕೂತಳು. “ಅಣ್ಣಾ, ದಾನಾಧಿಕಾರಿಗಳು ಹೇಳಿರ್ಲಿಲ್ಲ. ನಾನೇ ನಿನ್ನ ಕೊನೇಲಿ ಕೂರಿಸ್ದೆ. ಆ ಹೆಂಗಸರೆಲ್ಲ ನೋಡ್ತಾರಲ್ಲ ಅಂತ... ನಿನ್ನ ಕಾಲು ಕಂಡು ನಂಗೆ ನಾಚಿಕೆ ಆಯ್ತು. ಈ ಕಾಲಲ್ಲೇ ಅಲ್ವಾ ನೀನು ನನ್ನ ಸಾಕಿದ್ದು? ನಾಚ್ಕೊಂಡೆ.”

“ಗೊತ್ತು,” ಎಂದ ತೊರ್ಕೆಲ್.

“ಗೊತ್ತಾ?”

“ನಿಂಗೆ ನಾಲ್ಕು ವರ್ಷ ಇದ್ದಾಗಿಂದ ನಿನ್ನ ಮೂಗು ಒರೆಸಿದವನು ನಾನು. ನೀನು ಸುಳ್ಳು ಹೇಳುವಾಗ ಅದು ಕೆಂಪಾಗುತ್ತೆ.” ಅವನು ಬಹಳ ಹೊತ್ತು ಕೆಮ್ಮಿದ. ಬಳಿಕ ಕೈ ಚಾಚಿದ. “ಸರಿ, ಎಬ್ಬಿಸು. ಅರಸರ ವರ್ಷಕ್ಕಲ್ಲ. ಇದು ನಿನ್ನ ಎದೇಲಿ ಹೀಗೇ ಕೂತಿರೋದು ಬೇಡ.”

ಮೀನು ಸಾಗಿಸುವ ಕೈಗಾಡಿಯಲ್ಲಿ ಅವನನ್ನು ಕೂರಿಸಿ ಅವಳೇ ತಳ್ಳಿಕೊಂಡು ಹೋದಳು. ಅರಸನ ಕೋಣೆಗೆ ಹೋಗುವ ಮೆಟ್ಟಿಲಲ್ಲಿ ಕಾವಲಿನವನೇ ಇರಲಿಲ್ಲ. ಕಾಯಲು ಅಲ್ಲಿ ಏನಿದೆ ಎಂದು ಯಾರೋ ತೀರ್ಮಾನಿಸಿದ್ದರು. ಅವಳು ಅಣ್ಣನನ್ನು ಬೆನ್ನ ಮೇಲೆ ಹೊತ್ತು ಹತ್ತಿದಳು. ಅವನು ಒಣಮೀನಿನಷ್ಟು ಹಗುರಾಗಿದ್ದ.

ಅರಸ ದಿಂಬಿಗೊರಗಿ ಕೂತಿದ್ದ. ಪಕ್ಕದಲ್ಲಿ ಕ್ಲೆಮೆಟ್ ಪಾದ್ರಿ ಬರಿಗೈಯಲ್ಲಿ ನಿಂತಿದ್ದ.

“ನಿಲುವಂಗಿ ಎಲ್ಲಿ?” ಎಂದ ಅರಸ.

“ಇಂಥದು ಗುರುವಾರ ಬಿಟ್ಟು ಬೇರೆ ದಿನ ನಡೆದಿಲ್ಲ ಪ್ರಭು...”

“ನಾನು ಹೇಳ್ತಿದ್ದೀನಿ. ಹೋಗಿ ತಗೊಂಡು ಬಾ. ನೀನು ನೋಡ್ಬೇಕು, ನಾನು ತೊಳೀಬೇಕು.”

“ಆಗಲಿ ಪ್ರಭು,” ಎಂದು ಪಾದ್ರಿ ಆಳವಾಗಿ ಬಗ್ಗಿ, ಹಿಮ್ಮುಖವಾಗಿ ಹೆಜ್ಜೆಯಿಟ್ಟು, ಬಾಗಿಲು ಮುಚ್ಚಿಕೊಂಡು ಹೋದ.

ಮೂವರೂ ಕಾದರು. ತೊರ್ಕೆಲ್ ಹಾಸಿಗೆಯಂಚಿನ ಸ್ಟೂಲಿನ ಮೇಲೆ ಕೂತಿದ್ದ. ಅವನ ಬರಿಗಾಲು ಅರಸನ ಹೊದಿಕೆಯ ಮೇಲೆ ಇತ್ತು. ಬೋಗುಣಿಯ ಬಿಸಿನೀರಿನಿಂದ ಹಬೆ ಏಳುತ್ತಿತ್ತು. ಆಮೇಲೆ ಕಡಿಮೆಯಾಯಿತು. ಆಮೇಲೆ ನಿಂತಿತು. ಮಧ್ಯಾಹ್ನದ ಗಂಟೆ ಹೊಡೆಯಿತು. ಹೊರಗೆ ಮೆಟ್ಟಿಲ ಮೇಲೆ ಯಾರ ಹೆಜ್ಜೆಯೂ ಇಲ್ಲ.

ಮುಂದೆ ಆದದ್ದನ್ನು ಇಲ್ಲೇ ಹೇಳಿಬಿಡುವುದು ಒಳ್ಳೆಯದು. ಆ ನಿಲುವಂಗಿ ಬರಲೇ ಇಲ್ಲ. ತೊರ್ಕೆಲ್‌ಗೆ ಗುರುವಾರದ ಮನೆಯ ಬಾಗಿಲು ತೆರೆಯಲಿಲ್ಲ. ಡಿಸೆಂಬರಿನ ಎರಡನೆಯ ವಾರ ಅದೇ ಅಟ್ಟದಲ್ಲಿ, ಡಾಂಬರಿನ ವಾಸನೆಯ ನಡುವೆ, ತಂಗಿಯ ತೊಡೆಯ ಮೇಲೆ ತಲೆಯಿಟ್ಟು ಹೋದ. ಅರಸ ಐವಿಂದ್ ಕ್ರಿಸ್ಮಸ್ಸನ್ನೇನೋ ಕಂಡ. ಫೆಬ್ರವರಿಯಲ್ಲಿ, ಎಪ್ಪತ್ತೊಂಬತ್ತು ತುಂಬಲು ಎರಡು ದಿನ ಇರುವಾಗ, ಗುನ್ವೋರ್ ಕಟ್ಟು ಬದಲಿಸುತ್ತಿದ್ದ ಹಾಗೆಯೇ ತೀರಿಕೊಂಡ. ಕೋಣೆಯಲ್ಲಿ ಬೇರೆ ಯಾರೂ ಇರಲಿಲ್ಲ. ಹೊಸ ಅರಸ ಸಿಗ್ವಾರ್ಡನಿಗೆ ನಲವತ್ತೊಂದು ವರ್ಷ. ಆ ಪವಿತ್ರ ಗುರುವಾರ ನಲವತ್ತೊಂದು ಕಾಲುಗಳನ್ನಷ್ಟೇ ತೊಳೆದರು. ಉಳಿದ ಮೂವತ್ತಾರು ಮುದುಕರು ತಮ್ಮ ತಮ್ಮ ಗಂಟು ಹಿಡಿದು ಗುರುವಾರದ ಮನೆಯಿಂದ ಹೊರಗೆ ನಡೆದರು. ಅಸ್ಲಾಕನೂ ಅವರಲ್ಲಿದ್ದ. ಆಳುವವನು ಹರೆಯದವನಾದರೆ ಬಡವರಿಗೆ ನಷ್ಟ ಎಂಬುದು ಆ ನಾಡಿನಲ್ಲಿ ಯಾರೂ ಬಾಯಿಬಿಟ್ಟು ಹೇಳದೆ ಎಲ್ಲರಿಗೂ ಗೊತ್ತಿದ್ದ ಸಂಗತಿ.

ಆದರೆ ಆ ಅಕ್ಟೋಬರ್ ಮಧ್ಯಾಹ್ನ ಇದೊಂದೂ ಇನ್ನೂ ನಡೆದಿರಲಿಲ್ಲ. ಕಾದು ಕಾದು ಅರಸನೇ ಕೊನೆಗೆ ಹೇಳಿದ:

“ಬರಲ್ಲ ಅವನು.”

ಗುನ್ವೋರ್ ಬಾಗಿಲು ನೋಡುವುದನ್ನು ಬಿಟ್ಟಳು. ತಾನು ಕಟ್ಟಿಕೊಂಡ ಆಸೆಯೆಲ್ಲ ಮುಗಿಯಿತು ಎಂದು ಆಗಲೇ ಅವಳಿಗೆ ತಿಳಿದದ್ದು.

“ಹಾಗಾದ್ರೆ ನಾವು ಹೊರಡೋಣ ತಂಗಿ,” ಎಂದ ತೊರ್ಕೆಲ್. ಅರಸನ ಕಡೆ ತಿರುಗಿ, “ಪಾದ್ರಿ ನೋಡದೆ ತೊಳೆದ್ರೆ ತಮಗೂ ವರ್ಷ ಸೇರಲ್ಲ ಒಡೆಯಾ. ನಂಗೂ ಹಾಸಿಗೆ ಇಲ್ಲ. ಸುಮ್ಮನೆ ನೀರು ದಂಡ,” ಎಂದು ಕಾಲೆಳೆದುಕೊಳ್ಳಲು ಹೋದ.

“ಕೂತ್ಕೋ,” ಎಂದ ಅರಸ.

ಅಪ್ಪಣೆಯ ದನಿ ಅದರಲ್ಲಿ ಇರಲಿಲ್ಲ. ಹಾಗಾಗಿಯೋ ಏನೋ, ತೊರ್ಕೆಲ್ ಕೂತ.

ಅರಸ ಊದಿದ ಕೈಗಳನ್ನು ತಣ್ಣೀರಿಗಿಳಿಸಿದ. ಬೆರಳುಗಳು ಮಡಿಯುತ್ತಿರಲಿಲ್ಲ, ನೀರು ಅಂಗೈಯಲ್ಲಿ ನಿಲ್ಲದೆ ಹಾಸಿಗೆಗೆಲ್ಲ ಚೆಲ್ಲಿತು. ಗುನ್ವೋರ್ ನೆರವಾಗಲು ಬಗ್ಗಿದಾಗ ಅವನು ಬೇಡವೆಂದು ತಲೆಯಾಡಿಸಿದ. ಈ ಕಾಲನ್ನು ಅವಳು ಮುಂಚೆ ತೊಳೆದಿಟ್ಟಿರಲಿಲ್ಲ. ಬಂದರಿನ ಕೆಸರು, ಮೀನಿನ ಹುರುಪೆ, ಗಾಯದ ಕೀವು ಎಲ್ಲ ಹಾಗೇ ಇತ್ತು. ಅರಸ ಹಿಮ್ಮಡಿಯನ್ನು ತೊಳೆದ, ಬಿರುಕುಗಳನ್ನು ತೊಳೆದ, ಇದ್ದ ಎರಡು ಬೆರಳನ್ನು ತೊಳೆದ. ಬೆರಳಿಲ್ಲದ ಮೂರು ಜಾಗದಲ್ಲಿ ಬಹಳ ಹೊತ್ತು ಹೆಬ್ಬೆರಳಿಟ್ಟು ಉಜ್ಜಿದ. ಕ್ಷಮಿಸು ಎನ್ನಲಿಲ್ಲ. ತೊರ್ಕೆಲ್ ಕೂಡ ಇರಲಿ ಎನ್ನಲಿಲ್ಲ. ಅವನು ಕಿಟಕಿಯಾಚೆ ಗುಡ್ಡದ ಮೇಲಿನ ಕಲ್ಲನ್ನು ನೋಡುತ್ತಿದ್ದ.

“ನೀರು ತಣ್ಣಗಿದೆ,” ಎಂದ ಅರಸ.

“ಅವತ್ತಿನಷ್ಟಿಲ್ಲ,” ಎಂದ ತೊರ್ಕೆಲ್.

ಅರಸ ತನ್ನ ದುಪ್ಪಟಿಯ ಅಂಚಿನಿಂದಲೇ ಆ ಪಾದವನ್ನು ಒರೆಸಿದ. ಬಗ್ಗಿ ಮುತ್ತಿಡಲು ಹೊಟ್ಟೆ ಅಡ್ಡ ಬಂತು. ಎರಡು ಸಲ ಪ್ರಯತ್ನಿಸಿ ಬಿಟ್ಟ. ಬಳಿಕ ಆ ಕಾಲನ್ನು ಎರಡೂ ಕೈಯಲ್ಲಿ ಮೆಲ್ಲಗೆ ಎತ್ತಿ, ತೊರ್ಕೆಲ್‌ನ ಕೈಗಳಿಗೆ ಹಿಂದಿರುಗಿಸಿದ.